ವೇದಿಕೆಯ ಖರ್ಚು ಯಾರ ಲೆಕ್ಕಕ್ಕೆ?

ಚುನಾವಣೆ ಬಂತೆಂದರೆ ಮುಂಬಯಿ ಸುತ್ತಿನ ಮಾಟುಂಗ, ಡೊಂಬಿವಲಿ ಕಡೆಯ ಕನ್ನಡಿಗರ ಮತ ಕೇಳಲು ಪಕ್ಷಗಳು ಕರ್ನಾಟಕದ ನಾಯಕರನ್ನು ಕರೆಸುತ್ತವೆ. ವಿಮಾನದ ಟಿಕೆಟ್, ಹೋಟೆಲ್ ಕೋಣೆ, ಪೆಂಡಾಲು, ಮೈಕು, ಊಟ ಎಲ್ಲವೂ ಒಂದೇ ಸಂಜೆಯ ಖರ್ಚು. ಆದರೆ ಲೆಕ್ಕ ಎರಡು. ಮಹಾರಾಷ್ಟ್ರದಲ್ಲಿ ಲೋಕಸಭಾ ಅಭ್ಯರ್ಥಿ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರುವಂತಿಲ್ಲ. ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. ಹೀಗಾಗಿ ಸಾಧ್ಯವಾದ ಬಿಲ್ಲನ್ನೆಲ್ಲ ಪಕ್ಷದ ಕಡೆಗೆ ತಳ್ಳುವ ಆಸೆ ಎಲ್ಲರಿಗೂ ಇರುತ್ತದೆ.

ಈ ತಳ್ಳಾಟಕ್ಕೆ ಐವತ್ತು ವರ್ಷ ದಾಟಿದೆ. 1971ರ ದೆಹಲಿ ಸದರ್ ಕ್ಷೇತ್ರದ ಫಲಿತಾಂಶದ ಮೇಲಿನ ತಕರಾರಿನಲ್ಲಿ, ಅಂದರೆ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 1974ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿತು. ಅಭ್ಯರ್ಥಿಗೆ ತಿಳಿದೇ ಪಕ್ಷ ಅವನಿಗಾಗಿ ಖರ್ಚು ಮಾಡಿ, ಅವನು ಬೇಡವೆನ್ನದೆ ಅದರ ಲಾಭ ಪಡೆದರೆ ಆ ಖರ್ಚು ಅವನದೇ ಎಂದಿತು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿ, ಜನಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿಗೆ ‘ವಿವರಣೆ 1’ ಸೇರಿಸಿತು: ಪಕ್ಷ ಅಥವಾ ಹಿತೈಷಿಗಳು ಮಾಡಿದ ಖರ್ಚು ಅಭ್ಯರ್ಥಿಯದಲ್ಲ. ಆಗ ಕೋರ್ಟುಗಳಲ್ಲಿ ಬಾಕಿಯಿದ್ದ ತಕರಾರುಗಳಿಗೂ ಅದು ಅನ್ವಯಿಸಿತು. ಮಿತಿ ಎಂಬುದು ಅಂದಿನಿಂದ ಕಾಗದದ ಮೇಲಷ್ಟೇ ಉಳಿಯಿತು.

ಮಹಾರಾಷ್ಟ್ರದ್ದೇ ಆದ ಅಹಮದನಗರದ 1991ರ ಚುನಾವಣೆಯ ಪ್ರಕರಣದಲ್ಲಿ ಈ ತೂತನ್ನು ಸುಪ್ರೀಂ ಕೋರ್ಟೇ ಎತ್ತಿ ತೋರಿಸಿತು. ‘ಕಾಮನ್ ಕಾಸ್’ ಎಂಬ ಸಂಸ್ಥೆಯ ಪ್ರಕರಣದಲ್ಲಿ 1996ರಲ್ಲಿ ಬಂದ ತೀರ್ಪು ಅದನ್ನು ಅರ್ಧ ಮುಚ್ಚಿತು: ಪಕ್ಷ ಸರಿಯಾದ ಲೆಕ್ಕ ಇಟ್ಟಿಲ್ಲವಾದರೆ ವಿವರಣೆ 1ರ ರಕ್ಷಣೆ ಸಿಗದು. 2003ರ ತಿದ್ದುಪಡಿ ಆ ವಿನಾಯಿತಿಯನ್ನೇ ಕಿತ್ತುಹಾಕಿ, ನಾಯಕರ ಪ್ರಯಾಣದ ಖರ್ಚೊಂದನ್ನು ಮಾತ್ರ ಉಳಿಸಿತು. ತಾರಾ ಪ್ರಚಾರಕರ, ಅಂದರೆ ಈ ವಿನಾಯಿತಿ ಸಿಗುವ ನಾಯಕರ, ಪಟ್ಟಿ ಹುಟ್ಟಿದ್ದು ಹೀಗೆ. ಮಾನ್ಯತೆ ಪಡೆದ ಪಕ್ಷಕ್ಕೆ 40 ಹೆಸರು, ಬರೀ ನೋಂದಾಯಿತ ಪಕ್ಷಕ್ಕೆ 20. ಅಧಿಸೂಚನೆ ಹೊರಟ ಏಳು ದಿನದೊಳಗೆ ಪಟ್ಟಿ ಚುನಾವಣಾ ಆಯೋಗಕ್ಕೆ ತಲುಪಬೇಕು.

ಬೆಂಗಳೂರಿನಿಂದ ಬಂದ ನಾಯಕನ ಹೆಸರು ಆ ಪಟ್ಟಿಯಲ್ಲಿದ್ದರೆ ಟಿಕೆಟ್ ಪಕ್ಷದ್ದು. ಆದರೆ ಅಭ್ಯರ್ಥಿ ಅದೇ ಹೆಲಿಕಾಪ್ಟರ್ ಹತ್ತಿದರೆ ನಾಯಕನ ಪ್ರಯಾಣದ ಅರ್ಧ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತದೆ. ಸಭೆಯ ವಿಷಯದಲ್ಲಿ ನೋಡುವುದು ವೇದಿಕೆಯನ್ನು. ಪಕ್ಷಕ್ಕೆ ಮತ ಕೊಡಿ ಎಂದಷ್ಟೇ ಹೇಳುವ, ಯಾವ ಅಭ್ಯರ್ಥಿಯ ಹೆಸರೂ ಚಿತ್ರವೂ ಇಲ್ಲದ ಸಭೆ ಪಕ್ಷದ್ದು. ಅಭ್ಯರ್ಥಿ ವೇದಿಕೆ ಏರಿದರೆ, ಅಥವಾ ಅವನ ಹೆಸರು, ಚಿತ್ರ ಇರುವ ಬ್ಯಾನರ್ ಅಲ್ಲಿ ತೂಗಿದರೆ, ಖರ್ಚು ಅವನದು, ಹಲವರಿದ್ದರೆ ಸಮಪಾಲು. ಶಿವಾಜಿ ಪಾರ್ಕಿನ ಸಭೆಗೆ 24 ಲಕ್ಷ ಆಯಿತೆನ್ನೋಣ. ಮುಂಬಯಿಯ ಆರೂ ಲೋಕಸಭಾ ಅಭ್ಯರ್ಥಿಗಳು ವೇದಿಕೆಯಲ್ಲಿದ್ದರೆ ತಲಾ 4 ಲಕ್ಷ, ಇಬ್ಬರೇ ಇದ್ದರೆ ತಲಾ 12 ಲಕ್ಷ.

ಇಲ್ಲಿನ ನಮ್ಮ ಕನ್ನಡಿಗ ಹೋಟೆಲಿನವರು ಎಡವುವುದು ಬೇರೆ ಕಡೆ. ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆಂದು ಬಂದ ನಾಯಕನಿಗೆ ಕೋಣೆ, ಊಟ ಪುಕ್ಕಟೆ ಕೊಟ್ಟರೂ ಅದರ ಮಾರುಕಟ್ಟೆ ಬೆಲೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವನ ಪರ ಜಾಹೀರಾತು ಹಾಕಿಸುವುದು, ಸಭೆ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಡಿ ಅಪರಾಧ. ದಂಡ 10,000 ರೂಪಾಯಿವರೆಗೆ. ಅಭಿಮಾನದಿಂದ ಮಾಡಿದೆ ಎಂದರೆ ಬಿಡುವುದಿಲ್ಲ.

ಲೆಕ್ಕ ಹಿಡಿಯುವ ಕ್ರಮ ಬಿಗಿಯಾಗಿದೆ. ನಾಮಪತ್ರದ ಮುನ್ನಾದಿನದೊಳಗೆ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ. ದಿನದ ಖರ್ಚು ಬಿಳಿ ಹಾಳೆಯಲ್ಲಿ, ನಗದು ಗುಲಾಬಿಯಲ್ಲಿ, ಬ್ಯಾಂಕ್ ಹಳದಿಯಲ್ಲಿ. ಕುರ್ಚಿಗೆ, ಚಹಾಕ್ಕೆ ಜಿಲ್ಲಾಡಳಿತದ ದರಪಟ್ಟಿ ಇರುತ್ತದೆ. ಸಭೆಯ ವೀಡಿಯೊ ನೋಡಿ ಕುರ್ಚಿ ಎಣಿಸಿ ಅಧಿಕಾರಿಗಳು ಅಭ್ಯರ್ಥಿಯ ಲೆಕ್ಕಕ್ಕೆ ಹೋಲಿಸಿ ನೋಡಲು ತಮ್ಮದೇ ನೆರಳು ರಿಜಿಸ್ಟರ್ ಬರೆಯುತ್ತಾರೆ. ಪರಿಚಯದ ಪೆಂಡಾಲಿನವನು ಅಗ್ಗದ ಬಿಲ್ ಕೊಟ್ಟಾಗ ವ್ಯತ್ಯಾಸ ಹೊರಬೀಳುವುದು ಅಲ್ಲೇ.

ಇಷ್ಟಾದರೂ ದೊಡ್ಡ ದೋಷ ತಾರೀಖುಗಳಲ್ಲಿದೆ. ಅಭ್ಯರ್ಥಿ ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಹೈಕೋರ್ಟಿಗೆ ಚುನಾವಣಾ ತಕರಾರು ಸಲ್ಲಿಸಲು 45 ದಿನ. ಲೆಕ್ಕ ಕೊಡಲು ಪಕ್ಷಕ್ಕೆ ಮಾತ್ರ ವಿಧಾನಸಭೆಗೆ 75, ಲೋಕಸಭೆಗೆ 90 ದಿನ. ಯಾವ ಬಿಲ್ಲು ಪಕ್ಷದ ಕಡೆ ಹೋಯಿತೆಂದು ತಿಳಿಯುವ ಹೊತ್ತಿಗೆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ. ಪಕ್ಷದ ಗಡುವನ್ನೂ 30 ದಿನಕ್ಕೆ ಇಳಿಸಬೇಕು. ಬಿಲ್ಲುಗಳು ಹೇಗೂ ಅಷ್ಟರಲ್ಲಿ ಬಂದಿರುತ್ತವೆ. ಅಲ್ಲಿಯವರೆಗೆ ಮತದಾರರಿಗೆ ಉಳಿಯುವುದು ನಡುವಿನ ಹದಿನೈದು ದಿನ. ಫೋರ್ಟಿನಲ್ಲೋ ಬಾಂದ್ರಾ ಪೂರ್ವದಲ್ಲೋ ಇರುವ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಒಂದು ರೂಪಾಯಿ ಶುಲ್ಕ ಕಟ್ಟಿದರೆ ಅಭ್ಯರ್ಥಿಯ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಸಭೆಯ ದಿನ ತೆಗೆದ ವೇದಿಕೆಯ ಫೋಟೊ ಜೊತೆಗಿರಲಿ.