ಮೂರು ಕಂತು ತಪ್ಪಿದರೆ ಬ್ಯಾಂಕಿನವರು ಮನೆಗೆ ಬೀಗ ಹಾಕ್ತಾರಾ?

ಪ್ರಶ್ನೆ: ಕೆಲಸ ಹೋಗಿ ಎರಡು ತಿಂಗಳಾಯ್ತು. ಮನೆ ಸಾಲದ ಎರಡು ಇಎಂಐ ಬೌನ್ಸ್ ಆಗಿವೆ. ಮೂರನೆಯದೂ ತಪ್ಪಿದರೆ ಮನೆ ಕೈಬಿಟ್ಟು ಹೋಗುತ್ತಾ?

ಉತ್ತರ: ಮರುದಿನವೇ ಯಾರೂ ಬೀಗ ಹಿಡಿದು ಬರುವುದಿಲ್ಲ. ಹಾಗಂತ, ‘ಕೋರ್ಟಿಗೆ ಹೋಗಲಿ ಬಿಡಿ, ಕೇಸು ಹತ್ತು ವರ್ಷ ಎಳೆಯುತ್ತೆ’ ಅಂತ ಯಾರಾದರೂ ಧೈರ್ಯ ಹೇಳಿದ್ದರೆ ಅದನ್ನೂ ನಂಬಬೇಡಿ. 2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ, ಅಡವಿಟ್ಟ ಮನೆ ಮಾರಲು ಬ್ಯಾಂಕು ಕೇಸು ಹಾಕಿ ಗೆಲ್ಲಬೇಕಾಗಿಲ್ಲ.

ನಿಮ್ಮ ಪಾಲಿಗೆ ಈಗ ಮುಖ್ಯವಾದದ್ದು 90 ದಿನದ ಲೆಕ್ಕ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅಲ್ಲಿಯವರೆಗೆ ಕಟ್ಟಿದ ಹಣ ಸಾಮಾನ್ಯವಾಗಿ ಹಳೆಯ ಕಂತಿಗೇ ಮೊದಲು ಜಮೆಯಾಗುತ್ತದೆ. ಹಾಗಾಗಿ ಒಂದೇ ಒಂದು ಕಂತು ಕಟ್ಟಿದರೂ ಲೆಕ್ಕ ಒಂದು ತಿಂಗಳು ಹಿಂದೆ ಸರಿಯುತ್ತದೆ. ಎನ್‌ಪಿಎ ಆದಮೇಲೆ ಈ ಅನುಕೂಲ ಇಲ್ಲ. ತಿಂಗಳಿಗೆ 25,000 ರೂಪಾಯಿಯಂತೆ ಮೂರು ಕಂತು ಬಾಕಿ ಇದೆ ಅನ್ನಿ. 25,000 ಕಟ್ಟಿದರೆ ಸಾಲದು. ಪೂರ್ತಿ 75,000, ಅಷ್ಟರಲ್ಲಿ ಹೊಸ ಕಂತು ಬಂದಿದ್ದರೆ ಅದೂ ಸೇರಿ, ಕಟ್ಟಿದರೆ ಮಾತ್ರ ಖಾತೆ ಸರಿಹೋಗುತ್ತದೆ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಬಿಡಿಸಿ ಹೇಳಿದೆ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಕೇಳುವುದಿದ್ದರೆ ಈ ವಾರವೇ ಅರ್ಜಿ ಕೊಡಿ. ಸೀಲು ಹಾಕಿಸಿದ ಪ್ರತಿ ನಿಮ್ಮ ಹತ್ತಿರ ಇರಲಿ.

ಎನ್‌ಪಿಎ ಆದಮೇಲೆ ಸರ್ಫೇಸಿ ಕಾಯ್ದೆಯ 13(2) ಸೆಕ್ಷನ್ನಿನ ನೋಟಿಸು ಬರುತ್ತದೆ. ಅದರಲ್ಲಿ ಕೇಳುವುದು ಬರೀ ಬಾಕಿ ಕಂತುಗಳನ್ನಲ್ಲ, ಉಳಿದ ಇಡೀ ಸಾಲವನ್ನು. ಗಡುವು 60 ದಿನ. ರಿಜಿಸ್ಟರ್ಡ್ ಪೋಸ್ಟ್ ತಗೊಳ್ಳದೆ ವಾಪಸ್ ಕಳಿಸುವುದು ನಮ್ಮ ಜನರ ಹಳೇ ಉಪಾಯ. ದಯವಿಟ್ಟು ಹಾಗೆ ಮಾಡಬೇಡಿ. ನೋಟಿಸನ್ನು ಬಾಗಿಲಿಗೆ ಅಂಟಿಸಿಯೂ ತಲುಪಿಸಬಹುದು. ತಗೊಂಡರೆ ನಿಮಗೇ ಲಾಭ: ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಲೇಬೇಕು. ಇನ್ನೊಂದು ವಿಷಯ, ಈ ನೋಟಿಸು ಬಂದಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ನೀವೇ ಮನೆ ಮಾರುವ ಹಾಗಿಲ್ಲ.

60 ದಿನ ಕಳೆದರೆ ಸ್ವಾಧೀನದ ನೋಟಿಸು. ಪೇಪರಿನ ಒಳಪುಟದಲ್ಲಿ ಚಿಕ್ಕ ಅಕ್ಷರದ ಕೋಷ್ಟಕ ನೋಡಿರುತ್ತೀರಿ ಅಲ್ವಾ? ಸಾಲಗಾರರ ಹೆಸರು, ಮೊತ್ತ, ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು. ಅದೇ ಇದು. ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಈ ಹಂತದಲ್ಲಿ ಸ್ವಾಧೀನ ಹೆಚ್ಚಾಗಿ ಕಾಗದದ ಮೇಲಷ್ಟೇ. ನೀವು ಒಳಗೇ ಇರುತ್ತೀರಿ. ಬಿಟ್ಟುಕೊಡದಿದ್ದರೆ ಬ್ಯಾಂಕು ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಆದೇಶ ತರುತ್ತದೆ. ಬೀಗ ಬೀಳುವುದು ಆಗ. ತಪ್ಪು ನಡೆದಿದೆ ಅನ್ನಿಸಿದರೆ, ಸ್ವಾಧೀನದ ಕ್ರಮ ಆದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ. ಸಿವಿಲ್ ಕೋರ್ಟು ಇದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಹರಾಜಿಗೆ ಮೊದಲು 30 ದಿನದ ನೋಟಿಸು ಕೊಡಬೇಕು. ಬಿಡ್ ಕೂಗುವವರೆಗೂ ಹಣ ಕಟ್ಟಿ ಮನೆ ಉಳಿಸಿಕೊಳ್ಳಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ 2016ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಆದಮೇಲೆ, ಹರಾಜಿನ ನೋಟಿಸು ಪ್ರಕಟವಾಗುವುದರೊಳಗೆ ಕಟ್ಟಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿತು.

ಮಾರಿದ ಹಣದಲ್ಲಿ ಸಾಲ, ಖರ್ಚು ಎಲ್ಲ ಮುರಿದುಕೊಂಡು ಉಳಿದರೆ ಅದು ನಿಮ್ಮದು. ಸುಮ್ನೆ ಬಿಡಬೇಡಿ, ಲೆಕ್ಕ ಕೇಳಿ ಪಡೆಯಿರಿ. ಕಡಿಮೆ ಬಿದ್ದರೆ ಮಾತ್ರ ಉಳಿದ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ.