ಭಾರತ ಸೇರದ ವಿಯೆನ್ನಾ ಒಪ್ಪಂದ ನಮ್ಮ ಮೆಣಸಿಗೆ ಯಾಕೆ ಅನ್ವಯಿಸುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಬೆಳೆಗಾರರ ಗುಂಪು ನಮ್ಮದು. ಜರ್ಮನಿಯ ಕಂಪನಿಯೊಂದು ಕಾಳುಮೆಣಸಿಗೆ ಕಳಿಸಿದ ಆರ್ಡರ್‌ನ ಹಿಂಬದಿಯಲ್ಲಿ ‘ಜರ್ಮನ್ ಕಾನೂನು ಅನ್ವಯ’ ಎಂದಿದೆ. ಹಾಗಿದ್ದರೆ ವಿಯೆನ್ನಾ ಒಪ್ಪಂದವೂ ಬರುತ್ತದೆ ಅಂತಾರೆ ನಮ್ಮ ಆಡಿಟರ್. ಭಾರತ ಅದಕ್ಕೆ ಸೇರಿಯೇ ಇಲ್ಲವಲ್ಲ?

ಉತ್ತರ: ಸೇರಿಲ್ಲ, ನಿಜ. ಆದರೂ ಆಡಿಟರ್ ಹೇಳಿದ್ದೇ ಸರಿ. ದೇಶ ದೇಶಗಳ ನಡುವಿನ ಸರಕು ಮಾರಾಟದ ಈ ವಿಶ್ವಸಂಸ್ಥೆ ಒಪ್ಪಂದ 1980ರಲ್ಲಿ ವಿಯೆನ್ನಾದಲ್ಲಿ ಸಿದ್ಧವಾಯಿತು, 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮಾರುವವರು, ಕೊಳ್ಳುವವರು ಇಬ್ಬರ ದೇಶವೂ ಸೇರಿದ್ದರೆ ಅದು ಅನ್ವಯಿಸುತ್ತದೆ. ಇಲ್ಲವೇ ವ್ಯವಹಾರಕ್ಕೆ ಅನ್ವಯವಾಗುವ ಕಾನೂನು ಸದಸ್ಯ ದೇಶದ್ದಾದರೂ ಸಾಕು. ನೀವು ಸಿಕ್ಕಿಕೊಳ್ಳುವುದು ಈ ಎರಡನೆಯದರಲ್ಲಿ. ಜರ್ಮನಿ ಸದಸ್ಯ ದೇಶ, ಒಪ್ಪಂದ ಅಲ್ಲಿನ ಕಾನೂನಿನ ಭಾಗವೇ.

ತಮಾಷೆಯೆಂದರೆ, ಕಾನೂನಿನ ಬಗ್ಗೆ ಏನೂ ಬರೆಯದೆ ಬಿಟ್ಟಿದ್ದರೆ ಜರ್ಮನ್ ಕೋರ್ಟೇ ಐರೋಪ್ಯ ಒಕ್ಕೂಟದ ನಿಯಮದಂತೆ ಸಾಮಾನ್ಯವಾಗಿ ಮಾರಾಟಗಾರರ ದೇಶದ ಕಾನೂನನ್ನು, ಅಂದರೆ ನಮ್ಮ 1930ರ ಸರಕು ಮಾರಾಟ ಕಾಯ್ದೆಯನ್ನು ಹಿಡಿಯುತ್ತಿತ್ತು. ಹಿಂಬದಿಯ ಸಣ್ಣಕ್ಷರ ಓದದೆ ‘ಆರ್ಡರ್ ಒಪ್ಪಿದ್ದೇವೆ’ ಎಂದು ಇಮೇಲ್ ಹಾಕಿದಾಗಲೇ ಕೆಡುವುದು. ವಿಯೆನ್ನಾ ಬೇಡವೆಂದರೆ 6ನೇ ವಿಧಿಯಂತೆ ಕೈಬಿಡಬಹುದು. ಅದಕ್ಕೆ ಜರ್ಮನ್ ಕಾನೂನಿನ ಹೆಸರು ಬರೆದರಷ್ಟೇ ಸಾಲದು, ‘ವಿಯೆನ್ನಾ ಒಪ್ಪಂದ ಹೊರತುಪಡಿಸಿ’ ಎಂದು ಬಿಡಿಸಿ ಬರೆಸಬೇಕು.

ಆದರೆ ಬೇಡ ಅನ್ನುವ ಮೊದಲು ಯೋಚಿಸಿ. ಮಾರುವವರಿಗೆ ಅದು ಕೆಟ್ಟದ್ದೇನಲ್ಲ. ಖರೀದಿದಾರ ಮಾಲನ್ನು ಬೇಗ ಪರೀಕ್ಷಿಸಿ, ದೋಷವೇನೆಂದು ತಕ್ಕ ಸಮಯದಲ್ಲಿ ತಿಳಿಸದಿದ್ದರೆ ಸಾಮಾನ್ಯವಾಗಿ ಹಕ್ಕು ಕಳೆದುಕೊಳ್ಳುತ್ತಾನೆ. ತಿಳಿಸಲು ಇರುವ ಗಡುವು ಹೆಚ್ಚೆಂದರೆ 2 ವರ್ಷ. ನಮ್ಮ ಕಾಯ್ದೆಯಲ್ಲಿ ಮಾಲು ಒಪ್ಪಿಕೊಂಡ ಮೇಲೂ ನಷ್ಟ ಪರಿಹಾರ ಕೇಳುವ ಹಾದಿ ಉಳಿಯುತ್ತದೆ. ಜೊಳ್ಳು ಬೆರೆತದ್ದು ಗೊತ್ತಿದ್ದೂ ಮುಚ್ಚಿಟ್ಟರೆ ಮಾತ್ರ ವಿಯೆನ್ನಾದ ಈ ರಕ್ಷಣೆ ನಿಮಗಿಲ್ಲ.

ಮೆಣಸಿನ ತಕರಾರು ಹೆಚ್ಚಾಗಿ ತೇವಾಂಶ, ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ), ಬೂಷ್ಟಿನದು. ಬೇಸಿಗೆಯಲ್ಲಿ ಒಣಗಿಸಿ ಚೀಲಕ್ಕೆ ತುಂಬಿದ ಕಾಳು ಮಲೆನಾಡಿನ ಮಳೆಗಾಲದ ಗೋದಾಮಿನಲ್ಲಿ ಮತ್ತೆ ತೇವ ಎಳೆಯುತ್ತದೆ. ಕಂಟೇನರ್ ಒಳಗೆ ಆ ತೇವ ಆವಿಯಾಗಿ, ತಣ್ಣಗಾದ ಛಾವಣಿಯಿಂದ ಹನಿಯಾಗಿ ಚೀಲದ ಮೇಲೇ ಬೀಳುತ್ತದೆ. ನವಮಂಗಳೂರು ಬಂದರಿನಿಂದ ಎಫ್‌ಒಬಿ ದರಕ್ಕೆ, ಅಂದರೆ ಹಡಗಿಗೆ ಹತ್ತಿಸಿ ಕೊಡುವ ಲೆಕ್ಕದಲ್ಲಿ, ಮಾರಿದ್ದರೆ, ಮಾಲು ಹಡಗು ಹತ್ತಿದ ಮೇಲಿನ ಅಪಾಯ ಖರೀದಿದಾರನದು. ಹತ್ತುವ ಮೊದಲೇ ಇದ್ದ ದೋಷ ತಡವಾಗಿ ಕಂಡರೂ ಹೊಣೆ ನಿಮ್ಮದೇ. ಹಾಗಾಗಿ ಸುಗ್ಗಿಯ ಹೊತ್ತಿನ ರಿಪೋರ್ಟ್ ನಂಬಬೇಡಿ. ಲೋಡ್ ಮಾಡುವ ದಿನವೇ ಬೇರೆ ಬೇರೆ ಚೀಲಗಳಿಂದ ಮಾದರಿ ತೆಗೆಸಿ, ಲ್ಯಾಬ್ ರಿಪೋರ್ಟ್ ಮಾಡಿಸಿ. ಎರಡೂ ಕಡೆಯವರು ಸೀಲ್ ಮಾಡಿದ ಒಂದು ಪೊಟ್ಟಣ ನಿಮ್ಮಲ್ಲಿರಲಿ.

ಇನ್ನು ಹಣ ವಸೂಲಿ. ಶಿವಮೊಗ್ಗ ಕೋರ್ಟಿನ ಡಿಕ್ರಿ ಹಿಡಿದು ಜರ್ಮನಿಯಲ್ಲಿ ವಸೂಲಿಗೆ ಇಳಿಯುವುದು ಬಲು ಕಷ್ಟ. ಆರ್ಬಿಟ್ರೇಷನ್ ತೀರ್ಪಾದರೆ, ಅಂದರೆ ಕೋರ್ಟಿನ ಬದಲು ಮಧ್ಯಸ್ಥರು ಕೊಟ್ಟದ್ದಾದರೆ, ದಾರಿಯಿದೆ: ಅಂಥ ತೀರ್ಪನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸುವ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ ಭಾರತ, ಜರ್ಮನಿ ಎರಡೂ ಇವೆ. ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯೂ ವಿಶ್ವಸಂಸ್ಥೆಯ ಮಾದರಿ ಕಾನೂನಿನಿಂದಲೇ ಬಂದದ್ದು. ಆರ್ಬಿಟ್ರೇಷನ್ ಷರತ್ತು ಬರಹದಲ್ಲಿರಬೇಕು, ಸ್ಥಳವೂ ಅದರಲ್ಲೇ ಬರಲಿ. ಬೆಂಗಳೂರಿಗೆ ಅವರು ಒಪ್ಪುತ್ತಾರಾ ಕೇಳಿ. ಲಂಡನ್, ಸಿಂಗಪುರಕ್ಕೆ ತಲೆಯಾಡಿಸಿದರೆ ಒಂದು ಕಂಟೇನರ್‌ನ ಲಾಭವೆಲ್ಲ ಫೀಸಿಗೇ ಹೋದೀತು.