ಡ್ರಿಪ್ ಹಾಕಿದರೆ ಬಾಯಿ ಒದ್ದೆಯಾಗುತ್ತದೆಯೇ?

"ಡಾಕ್ಟ್ರೇ, ಬಾಯೆಲ್ಲಾ ಒಣಗಿ ಹೋಗಿದೆ, ಒಂದು ಡ್ರಿಪ್ಪಾದ್ರೂ ಹಾಕಿ." ಕೊನೆಯ ಹಂತದ ಕ್ಯಾನ್ಸರ್ ರೋಗಿಯ ಮನೆಯವರು ಕೈಮುಗಿದು ಕೇಳುವ ಮಾತಿದು. ಮೈಗೆ ನೀರು ಸೇರಿದರೆ ಬಾಯಿಗೂ ಸೇರುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಪೂರ್ತಿ ಸರಿಯಲ್ಲವೆಂದು ಗೊತ್ತಾಗಿ ನೂರೈವತ್ತು ವರ್ಷ ದಾಟಿದೆ.

1851ರ ಸುಮಾರಿಗೆ ಜರ್ಮನಿಯ ವಿಜ್ಞಾನಿ ಕಾರ್ಲ್ ಲುಡ್ವಿಗ್, ನಾಯಿಯ ದವಡೆಯ ಕೆಳಗಿನ ಗ್ರಂಥಿಯ ನರವನ್ನು ಕೆರಳಿಸಿ ಜೊಲ್ಲು ಎಷ್ಟು ಒತ್ತಡದಲ್ಲಿ ಉಕ್ಕುತ್ತದೆಂದು ಅಳೆದ. ರಕ್ತದೊತ್ತಡವನ್ನೇ ಮೀರಿಸಿತ್ತು! ಅಂದರೆ ಜೊಲ್ಲು ರಕ್ತದಿಂದ ತಾನಾಗಿ ಸೋಸಿ ಬರುವ ನೀರಲ್ಲ. ನರ ಅಪ್ಪಣೆ ಕೊಟ್ಟಾಗ ಗ್ರಂಥಿ ದುಡಿದು ಹೊರದೂಡುವ ರಸ. 1872ರಲ್ಲಿ ಅದೇ ದೇಶದ ವಿಜ್ಞಾನಿ ಹೈಡನ್‌ಹೈನ್ ನರದ ಅಪ್ಪಣೆ ಗ್ರಂಥಿಗೆ ಮುಟ್ಟದಂತೆ ತಡೆಯುವ ಅಟ್ರೋಪಿನ್ ಎಂಬ ಔಷಧಿ ಕೊಟ್ಟು ನೋಡಿದ. ನರ ಕೆರಳಿಸಿದಾಗ ಗ್ರಂಥಿಗೆ ರಕ್ತ ಧಾರಾಳವಾಗಿ ನುಗ್ಗಿತು, ಜೊಲ್ಲು ಮಾತ್ರ ಒಂದು ಹನಿ ಬರಲಿಲ್ಲ. ಸಂಪು ತುಂಬಿದ್ದರೂ ಮೋಟಾರ್ ಆಫ್ ಆಗಿದ್ದರೆ ಮೇಲಿನ ಟ್ಯಾಂಕಿಗೆ ನೀರು ಏರುತ್ತದೆಯೇ?

ಉಪಶಾಮಕ ಆರೈಕೆಯಲ್ಲಿ (ಗುಣವಾಗದ ರೋಗದಲ್ಲಿ ನರಳಾಟ ತಗ್ಗಿಸುವ ಆರೈಕೆ) ಆ ಸ್ವಿಚ್ ಆರಿಸುವುದು ಹೆಚ್ಚಾಗಿ ಔಷಧಿಗಳೇ. ಗಂಟಲ ಗೊರಗೊರ ಸದ್ದಿಗೆ ಕೊಡುವ ಹಯೋಸಿನ್ (ನಮ್ಮ ಉಮ್ಮತ್ತಿ ಗಿಡದಲ್ಲಿರುವುದೂ ಇದೇ), ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ತೀವ್ರ ನೋವಿಗೆ ಕೊಡುವ ಮಾರ್ಫಿನ್. ಹಾಗೆಂದು ಮಾರ್ಫಿನ್ ನಿಲ್ಲಿಸಿ ನೋವು ತಿನ್ನಿಸುವುದು ಬೇಡ. ನೀರಿನಂಶ ಕಡಿಮೆಯಾಗಿಯೇ ಒಣಗಿದ್ದರೆ ಡ್ರಿಪ್ಪಿನ ಮಾತು ಬೇರೆ. ಅದನ್ನು ವೈದ್ಯರು ತೂಗಿ ನೋಡುತ್ತಾರೆ.

ಜೊಲ್ಲಿನಲ್ಲಿ ಹಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನುಗಳಿವೆ, ಕ್ಯಾಂಡಿಡಾ ಶಿಲೀಂಧ್ರವನ್ನು ಹತ್ತಿಕ್ಕುವಂಥವು. ಜೊಲ್ಲು ಬತ್ತಿದರೆ ಈ ಶಿಲೀಂಧ್ರ ಬೆಳೆದು ನಾಲಿಗೆ, ಕೆನ್ನೆಯ ಒಳಗೆ ಮೊಸರು ಮೆತ್ತಿದಂತೆ ಬಿಳಿ ಪದರ ಕಟ್ಟುತ್ತದೆ. ಒರೆಸಿದರೆ ಕೆಳಗೆ ಕೆಂಪು ಹುಣ್ಣು. "ಉಷ್ಣ ಆಗಿದೆ" ಎಂದು ಜೇನು ಸವರಿಕೊಂಡು ಕೂತರೆ ಅದು ಹೋಗದು. ಶಿಲೀಂಧ್ರ ಕೊಲ್ಲುವ ನಿಸ್ಟಾಟಿನ್ ಹನಿಯೋ ಫ್ಲುಕೊನಜೋಲೋ ಬೇಕು. ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸಿದ ಕೂಡಲೇ ನಿಸ್ಟಾಟಿನ್ ಹಾಕಬೇಡಿ, ಒಂದನ್ನೊಂದು ಕೆಡಿಸುತ್ತವೆ. ಅರ್ಧ ಗಂಟೆಯಾದರೂ ಬಿಡಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ರಾತ್ರಿ ತೆಗೆದಿಡಿ.

ಉಳಿದದ್ದು ಮನೆಯವರ ಕೈಯಲ್ಲೇ ಇದೆ. ಮಕ್ಕಳ ಮೆತ್ತನೆಯ ಬ್ರಷ್, ಬೆರಳಿಗೆ ಸುತ್ತಿದ ಒದ್ದೆ ಗಾಜ್ ಬಟ್ಟೆ, ನುಂಗುವ ಶಕ್ತಿಯಿದ್ದರೆ ಸಣ್ಣ ಐಸ್ ಚೂರು. ಪ್ರಜ್ಞೆ ತಪ್ಪಿದವರ ಬಾಯಿಗೆ ಚಮಚದಲ್ಲಿ ಗಂಗಾಜಲ ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ತುಳಸಿ ಎಲೆ ಅದ್ದಿ ತುಟಿಗೆ ಸವರಿದರೆ ಶಾಸ್ತ್ರಕ್ಕೇನೂ ಕೊರತೆಯಾಗದು. ನಿಂಬೆ-ಗ್ಲಿಸರಿನ್ ಸವರುವ ಹಳೆಯ ಆಸ್ಪತ್ರೆ ಪದ್ಧತಿಯನ್ನಂತೂ ಬಿಟ್ಟೇಬಿಡಿ: ಗ್ಲಿಸರಿನ್ ಇದ್ದಬದ್ದ ತೇವವನ್ನೂ ಹೀರುತ್ತದೆ, ನಿಂಬೆಹುಳಿ ಹುಣ್ಣಿಗೆ ಉರಿ ಹಚ್ಚುತ್ತದೆ.